ಹಳಿ ಇದೆ, ಗಾಡಿ ಇಲ್ಲ: ಮುಚ್ಚಿದ ರೈಡುಗಳು ಹಾಗೇ ಏಕೆ ನಿಂತಿರುತ್ತವೆ?

ಪ್ರಶ್ನೆ: ನಾವು ಶಿವಮೊಗ್ಗದವರು. ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಡಿಸ್ನಿಲ್ಯಾಂಡ್ ನೋಡಿಕೊಂಡು ಬಂದೆವು. ಅಲ್ಲಿ ಟುಮಾರೋಲ್ಯಾಂಡ್ ಎಂಬ ಭಾಗದಲ್ಲಿ ತಲೆಯ ಮೇಲೆ ಒಂದು ಹಳಿ ಸುತ್ತಿಕೊಂಡು ಹೋಗುತ್ತದೆ, ಅದರ ಮೇಲೆ ಮಾತ್ರ ಏನೂ ಓಡುವುದಿಲ್ಲ. "ಅಲ್ಲಿ ಜನ ಸತ್ತರು, ಅದಕ್ಕೇ ನಿಲ್ಲಿಸಿದರು" ಅಂದರು ಅಳಿಯಂದಿರು. ಆಮೇಲೆ ಮೊಮ್ಮಗ ಯೂಟ್ಯೂಬಿನಲ್ಲಿ ಪಾಳುಬಿದ್ದ ಪಾರ್ಕುಗಳ ವಿಡಿಯೋ ಒಂದರ ಹಿಂದೊಂದು ತೋರಿಸಿದ. ಅಷ್ಟು ಖರ್ಚು ಮಾಡಿ ಕಟ್ಟಿದ್ದನ್ನು ಏಕೆ ಮುಚ್ಚುತ್ತಾರೆ? ಮುಚ್ಚಿದ ಮೇಲಾದರೂ ಕೆಡವಬಾರದೇ? ಆ ಹಳಿಯ ಮೇಲೆ ಮತ್ತೆ ಗಾಡಿ ಓಡುವುದುಂಟೇ? (ನಿವೃತ್ತ ಶಿಕ್ಷಕಿಯೊಬ್ಬರು)

ಉತ್ತರ: ನಿಮ್ಮ ಅಳಿಯಂದಿರ ಮಾತಿನಲ್ಲಿ ಅರ್ಧ ನಿಜವಿದೆ. ಆ ಹಳಿಯ ಮೇಲೆ ಓಡುತ್ತಿದ್ದ ಪೀಪಲ್‌ಮೂವರ್ ಎಂಬ ಪುಟ್ಟ ರೈಲಿನಲ್ಲಿ ಇಬ್ಬರು ಹುಡುಗರು ಸತ್ತದ್ದು ಹೌದು. ಒಬ್ಬ 1967ರಲ್ಲಿ, ಇನ್ನೊಬ್ಬ 1980ರಲ್ಲಿ. ಇಬ್ಬರೂ ಓಡುತ್ತಿರುವ ರೈಲಿನಲ್ಲಿ ಒಂದು ಬೋಗಿಯಿಂದ ಇನ್ನೊಂದಕ್ಕೆ ಜಿಗಿಯಲು ಹೋಗಿ ಬಿದ್ದವರು. ಆದರೆ ಎರಡನೇ ಸಾವಾದ ಮೇಲೂ ರೈಲು ಹದಿನೈದು ವರ್ಷ ಓಡಿತು. ನಿಂತದ್ದು 1995ರ ಆಗಸ್ಟ್ 21ರಂದು. ಆ ಸಾವುಗಳಿಗೂ ಮುಚ್ಚಿದ್ದಕ್ಕೂ ನಂಟು ಹಾಕಿದ್ದು ಜನರ ಬಾಯಿ.

ಮುಚ್ಚಿದ ರೈಡು ಕಂಡರೆ ಜನರಿಗೆ ಕಾರಣವೂ ಅಷ್ಟೇ ದೊಡ್ಡದಿರಬೇಕು ಅನ್ನಿಸುತ್ತದೆ: ಸಾವು, ಶಾಪ, ದೆವ್ವ. ರೈಡುಗಳ ಮೇಂಟೆನೆನ್ಸ್ ನೋಡಿಕೊಳ್ಳುವ ನಮ್ಮಂಥವರ ಕಣ್ಣಿಗೆ ಬೀಳುವ ಕಾರಣಗಳು ತೀರಾ ಸಪ್ಪೆ. ಟೈರು, ಬೇರಿಂಗು, ಸ್ಪಾನ್ಸರ್ ಕಂಪನಿಯ ಕರಾರು, ಜಮೀನಿನ ಲೀಸು. ನೀವು ಕೇಳಿದ ಎರಡು ಪ್ರಶ್ನೆಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ, ಗೋಜಲೆಲ್ಲ ಅಲ್ಲಿಂದಲೇ. ಮುಚ್ಚುವುದು ಒಂದು ತೀರ್ಮಾನ, ಕೆಡವುವುದು ಬೇರೆಯೇ ತೀರ್ಮಾನ. ಮುಚ್ಚಿದ ದಿನದಿಂದ ಖರ್ಚು ಉಳಿಯುತ್ತದೆ. ಕೆಡವಲು ಹೊರಟ ದಿನದಿಂದ ಖರ್ಚು ಶುರುವಾಗುತ್ತದೆ, ಆ ಖರ್ಚಿನಿಂದ ಒಂದು ಟಿಕೆಟ್ ಕೂಡ ಹೆಚ್ಚು ಮಾರಾಟವಾಗುವುದಿಲ್ಲ. ಮೊದಲನೆಯದಕ್ಕೆ ಯಾವ ಮ್ಯಾನೇಜರಾದರೂ ಸಹಿ ಹಾಕುತ್ತಾನೆ. ಎರಡನೆಯದು "ಮುಂದಿನ ವರ್ಷ ನೋಡೋಣ" ಎಂಬ ಕಡತಕ್ಕೆ ಸೇರುತ್ತದೆ.

ನೀವು ನೋಡಿದ ಹಳಿ ಇದಕ್ಕೆ ಒಳ್ಳೆಯ ಉದಾಹರಣೆ, ಹಾಗಾಗಿ ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪೀಪಲ್‌ಮೂವರ್ ಶುರುವಾದದ್ದು 1967ರ ಜುಲೈ 2ರಂದು. ಅದರ ಬೋಗಿಗಳಲ್ಲಿ ಮೋಟಾರೇ ಇರಲಿಲ್ಲ. ಹಳಿಯುದ್ದಕ್ಕೂ ಸುಮಾರು ಒಂಬತ್ತು ಅಡಿಗೊಂದರಂತೆ ರಬ್ಬರ್ ಟೈರುಗಳನ್ನು ಕೂರಿಸಿದ್ದರು. ಕೆಳಗಿನ ಮೋಟಾರು ಟೈರನ್ನು ತಿರುಗಿಸುತ್ತಿತ್ತು, ಟೈರು ಬೋಗಿಯ ತಳವನ್ನು ಮುಂದಕ್ಕೆ ತಳ್ಳುತ್ತಿತ್ತು. ಒಂದು ಟೈರು ಬಿಟ್ಟ ಬೋಗಿಯನ್ನು ಮುಂದಿನದು ಹಿಡಿಯುತ್ತಿತ್ತು. ರೈಲು ಎಲ್ಲೂ ನಿಲ್ಲುತ್ತಲೂ ಇರಲಿಲ್ಲ. ಹತ್ತುವ ಕಡೆ ಅದರ ವೇಗಕ್ಕೇ ತಿರುಗುವ ದೊಡ್ಡ ತಟ್ಟೆಯಂಥ ಕಟ್ಟೆಯಿತ್ತು. ಜನ ಆ ಕಟ್ಟೆಯ ಮೇಲೆ ಕಾಲಿಟ್ಟು ಅಲ್ಲಿಂದ ಬೋಗಿಗೆ ಹೋಗುತ್ತಿದ್ದರು. ಟೈರು ಕೊಟ್ಟದ್ದು ಗುಡ್‌ಇಯರ್ ಕಂಪನಿ, ರೈಡಿನ ಸ್ಪಾನ್ಸರ್ ಕೂಡ ಅದೇ. 1980ರ ದಶಕದ ಆರಂಭದಲ್ಲಿ ಗುಡ್‌ಇಯರ್ ಕೈಬಿಟ್ಟಿತು. ಅಲ್ಲಿಗೆ ಐನೂರಕ್ಕೂ ಹೆಚ್ಚು ಮೋಟಾರುಗಳ ಆರೈಕೆಯ ಭಾರವೆಲ್ಲ ಪಾರ್ಕಿನ ತಲೆಗೇ ಬಂತು. ಪ್ರತಿ ಮೋಟಾರಿಗೂ ಬೇರಿಂಗು, ಪ್ರತಿ ಟೈರಿಗೂ ಸವಕಳಿ; ಅದೂ ಇರುವುದು ನೆಲದಲ್ಲಲ್ಲ, ಜನ ಓಡಾಡುವ ದಾರಿಯ ನೆತ್ತಿಯ ಮೇಲೆ. ಕೆಲಸ ಮಾಡಬೇಕಾದದ್ದು ಪಾರ್ಕಿನ ಬಾಗಿಲು ಹಾಕಿದ ಮೇಲೆ, ರಾತ್ರಿ.

ಅಷ್ಟೆಲ್ಲ ಮಾಡಿ ಸಿಗುತ್ತಿದ್ದದ್ದಾದರೂ ಏನು? ಸುಮಾರು ಹದಿನಾರು ನಿಮಿಷದ ನಿಧಾನ ಸವಾರಿ. ಕಿರುಚಾಟವಿಲ್ಲ, ಜಾಹೀರಾತಿಗೆ ಹಾಕುವಂಥ ಚಿತ್ರವಿಲ್ಲ. ಬಿಸಿಲಲ್ಲಿ ಸುತ್ತಿ ಸುಸ್ತಾದವರು ಕಾಲು ಚಾಚಿ, ಗಾಳಿಗೆ ಮುಖವೊಡ್ಡಿ ಕೂರುವ ಜಾಗ ಅದು. ನನ್ನನ್ನು ಕೇಳಿದರೆ ಇಂಥ ರೈಡುಗಳೇ ಒಂದು ಪಾರ್ಕಿನ ಜೀವ. ಗಂಟೆಗೆ ಸಾವಿರಾರು ಜನರನ್ನು ಸದ್ದಿಲ್ಲದೆ ಹೊತ್ತು, ಉಳಿದ ಕಡೆಯ ಕ್ಯೂಗಳನ್ನು ಸಣ್ಣದು ಮಾಡುತ್ತವೆ. ಆದರೆ ಈ ಲಾಭವನ್ನು ಬರೆದುಕೊಳ್ಳಲು ಲೆಕ್ಕಪುಸ್ತಕದಲ್ಲಿ ಕಾಲಮ್ಮೇ ಇಲ್ಲ. ಖರ್ಚಿಗೆ ಇದೆ.

1992ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಹತ್ತಿರ ತೆರೆದ ಯೂರೋ ಡಿಸ್ನಿ ಪಾರ್ಕು ಡಿಸ್ನಿ ಕಂಪನಿಗೆ ಭಾರೀ ನಷ್ಟ ತಂದಿತು. ಬೇರೆ ಪಾರ್ಕುಗಳ ದೊಡ್ಡ ಯೋಜನೆಗಳಿಗೆ ಕತ್ತರಿ ಬಿತ್ತು. ಟುಮಾರೋಲ್ಯಾಂಡನ್ನು ಪೂರ್ತಿ ಹೊಸದಾಗಿ ಕಟ್ಟುವ ಯೋಚನೆ ಕೈಬಿಟ್ಟು, ಕಡಿಮೆ ಖರ್ಚಿನಲ್ಲಿ ತೇಪೆ ಹಾಕುವ ದಾರಿ ಹಿಡಿದರು. ಹೇಗೂ ಹಳಿ ಇದೆಯಲ್ಲ, ಅದರ ಮೇಲೇ ಜೋರಾಗಿ ಓಡುವ ಗಾಡಿ ಬಿಟ್ಟರಾಯಿತು ಎಂದು ಹೊರಟರು. ಹುಟ್ಟಿದ್ದು ರಾಕೆಟ್ ರಾಡ್ಸ್, 1998ರ ಮೇ 22ರಂದು.

ಇಂಜಿನಿಯರಾದವನು ಅಲ್ಲಿಯೇ ಬೇಡ ಅನ್ನಬೇಕಿತ್ತು. ನೀವು ಆಗುಂಬೆ ಘಾಟಿಯ ತಿರುವುಗಳನ್ನು ನೋಡಿದವರು. ಅಲ್ಲಿ ರಸ್ತೆ ಒಳಬದಿಗೆ ವಾಲಿಕೊಂಡಿರುತ್ತದೆ, ಇಲ್ಲದಿದ್ದರೆ ಬಸ್ಸು ಹೊರಕ್ಕೆ ಎಳೆಯುತ್ತದೆ. ರೋಲರ್ ಕೋಸ್ಟರ್ ಹಳಿಗೂ ಅದೇ ನಿಯಮ, ಇನ್ನೂ ಕಟ್ಟುನಿಟ್ಟಾಗಿ. ಪೀಪಲ್‌ಮೂವರ್ ಹಳಿ ನಡಿಗೆಯ ವೇಗಕ್ಕಿಂತ ಚೂರು ಹೆಚ್ಚಿನ ರೈಲಿಗೆಂದು ಕಟ್ಟಿದ್ದು, ಹಾಗಾಗಿ ತಿರುವುಗಳೆಲ್ಲ ಚಪ್ಪಟೆ. ಅವನ್ನು ವಾಲಿಸಬೇಕೆಂದರೆ ಕಂಬಗಳ ಸಮೇತ ಹೊಸದಾಗಿ ಕಟ್ಟಬೇಕು, ಅದಕ್ಕೆ ದುಡ್ಡಿಲ್ಲ. ಹಾಗಾಗಿ ಗಾಡಿ ನೇರ ದಾರಿಯಲ್ಲಿ ಜೋರಾಗಿ ಓಡಿ, ಪ್ರತಿ ತಿರುವಿಗೂ ಬ್ರೇಕು ಹಾಕಿ, ತಿರುವು ದಾಟಿ ಮತ್ತೆ ವೇಗ ಹಿಡಿಯಬೇಕು. ಸವಾರಿ ಮೂರು ನಿಮಿಷಕ್ಕೆ ಇಳಿಯಿತು, ಕ್ಯೂ ಗಂಟೆಗಟ್ಟಲೆಗೆ ಏರಿತು. ಟೈರುಗಳು ಲೆಕ್ಕ ಮೀರಿ ಸವೆದವು. ತೆರೆದ ಸ್ವಲ್ಪ ದಿನಕ್ಕೇ ದುರಸ್ತಿಗೆಂದು ದೀರ್ಘಕಾಲ ಮುಚ್ಚಬೇಕಾಯಿತು. ತೆರೆದ ಮೇಲೂ ಇವತ್ತು ಓಡಿದರೆ ನಾಳೆ ಇಲ್ಲ. 2000ದ ಸೆಪ್ಟೆಂಬರ್‌ನಲ್ಲಿ "ರಿಪೇರಿ" ಎಂದು ನಿಲ್ಲಿಸಿದವರು, ಮತ್ತೆ ತೆರೆಯುವುದಿಲ್ಲ ಎಂದು ಬಾಯಿಬಿಟ್ಟದ್ದು 2001ರಲ್ಲಿ.

ಈ "ರಿಪೇರಿ" ಬೋರ್ಡಿನ ಬಗ್ಗೆ ಒಂದು ಮಾತು. ಪಾರ್ಕುಗಳು "ಶಾಶ್ವತವಾಗಿ ಮುಚ್ಚಿದೆ" ಎಂದು ಬರೆಯಲು ಬಹಳ ಹಿಂಜರಿಯುತ್ತವೆ. ಹಾಗೆಂದರೆ ಆ ಆಸ್ತಿಯ ಬೆಲೆಯನ್ನು ಪುಸ್ತಕದಿಂದ ತೆಗೆಯಬೇಕು, ಅಭಿಮಾನಿಗಳ ಗಲಾಟೆ ಬೇರೆ. ಫ್ಲಾರಿಡಾದಲ್ಲಿರುವ ಡಿಸ್ನಿಯದೇ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲಿ 1971ರಿಂದ ಒಂದು ಜಲಾಂತರ್ಗಾಮಿ ಸವಾರಿ ಇತ್ತು. ಜನ ಕಿರಿದಾದ ಮೆಟ್ಟಿಲಿಳಿದು ಒಬ್ಬೊಬ್ಬರಾಗಿ ಒಳಗೆ ಹೋಗಬೇಕು, ಗಾಲಿಕುರ್ಚಿಯವರಿಗೆ ದಾರಿಯೇ ಇಲ್ಲ, ನೀರಿನಡಿಯ ಬೊಂಬೆಗಳ ಆರೈಕೆಗೆ ಮುಳುಗುಗಾರರು ಬೇಕು. 1994ರ ಸೆಪ್ಟೆಂಬರ್ 5ರಂದು ಅದನ್ನು ರಿಪೇರಿಗೆಂದು ನಿಲ್ಲಿಸಿದರು. ಇನ್ನು ತೆರೆಯುವುದಿಲ್ಲ ಎಂದು ಒಪ್ಪಿಕೊಳ್ಳಲು ಎರಡು ವರ್ಷ ಹಿಡಿಯಿತು, ಕೊಳ ಮಾತ್ರ ಸುಮಾರು ಹತ್ತು ವರ್ಷ ಹಾಗೇ ಇತ್ತು.

ಸರಿ, ಆ ಖಾಲಿ ಹಳಿಯನ್ನೇಕೆ ಕೆಡವಲಿಲ್ಲ? ಕೆಳಗೆ ನಿಂತು ನೋಡಿದರೆ ಅದು ಬಿಡಿಯಾದ ಸೇತುವೆಯಂತೆ ಕಾಣುತ್ತದೆ. ಆದರೆ ಅದು ಟುಮಾರೋಲ್ಯಾಂಡಿನ ಹಲವು ಕಟ್ಟಡಗಳ ಹೊಟ್ಟೆಯೊಳಗೆ ಹೊಕ್ಕು ಹೊರಬರುತ್ತದೆ. ಆ ಕಟ್ಟಡಗಳಲ್ಲಿ ಇವತ್ತಿಗೂ ಅಂಗಡಿ, ರೈಡು ನಡೆಯುತ್ತಿವೆ. ರಾಕೆಟ್ ರಾಡ್ಸ್‌ಗೆ ಕ್ಯೂ ನಿಲ್ಲುತ್ತಿದ್ದ ಕಟ್ಟಡದಲ್ಲಂತೂ 2005ರಲ್ಲಿ ಬಜ಼್ ಲೈಟ್‌ಇಯರ್ ರೈಡು ಬಂತು. ಹಳಿ ಇಳಿಸಲು ಕ್ರೇನು ತರಬೇಕು, ಪಾರ್ಕಿನ ಅತಿ ಹೆಚ್ಚು ಜನ ಓಡಾಡುವ ದಾರಿಯನ್ನು ತಿಂಗಳುಗಟ್ಟಲೆ ಮುಚ್ಚಬೇಕು, ಪ್ರತಿ ಗೋಡೆಯ ತೂತನ್ನೂ ಮುಚ್ಚಿ ಮುಗಿಸಬೇಕು. ಸುಮ್ಮನೆ ಬಿಟ್ಟರೆ ಕೆಳಗೆ ನೆರಳಾದರೂ ಸಿಗುತ್ತದೆ. ಕಂಪನಿಗೆ ದುಡ್ಡಿಲ್ಲದೆ ಅಲ್ಲ, ಆ ದುಡ್ಡನ್ನು ಅಲ್ಲಿ ಹಾಕಲು ಕಾರಣವಿಲ್ಲ.

ಸ್ಪಾನ್ಸರ್ ವಿಷಯ ಮೇಲೆ ಬಂತು. ಫ್ಲಾರಿಡಾದಲ್ಲಿರುವ ಡಿಸ್ನಿಯ ಎಪ್ಕಾಟ್ ಪಾರ್ಕನ್ನು ಕಟ್ಟಿದ್ದೇ ಆ ಲೆಕ್ಕದಲ್ಲಿ, ಒಂದೊಂದು ದೊಡ್ಡ ಮಂಟಪದ ಖರ್ಚಿಗೆ ಒಂದೊಂದು ಕಂಪನಿ ಹೆಗಲು ಕೊಡುವಂತೆ. ಭವಿಷ್ಯದ ಬದುಕು ತೋರಿಸುತ್ತಿದ್ದ ಹೊರೈಜ಼ನ್ಸ್ 1983ರ ಅಕ್ಟೋಬರ್ 1ರಂದು ತೆರೆಯಿತು, ಹೆಗಲು ಕೊಟ್ಟದ್ದು ಜನರಲ್ ಎಲೆಕ್ಟ್ರಿಕ್. ಹತ್ತು ವರ್ಷದ ಕರಾರು ಮುಗಿಯಿತು, ಕಂಪನಿ ಮುಂದುವರಿಸಲಿಲ್ಲ. 1994ರ ಕೊನೆಗೆ ಮುಚ್ಚಿ, ಒಂದು ವರ್ಷದ ನಂತರ ಮತ್ತೆ ತೆರೆದರು. ಅಭಿಮಾನಿಗಳ ಮೇಲಿನ ಪ್ರೀತಿಗಲ್ಲ, ಅಕ್ಕಪಕ್ಕದ ದೊಡ್ಡ ರೈಡುಗಳು ನವೀಕರಣಕ್ಕೆ ನಿಂತಿದ್ದವು, ಬಂದ ಜನರನ್ನು ಎಲ್ಲಾದರೂ ಕೂರಿಸಬೇಕಿತ್ತು. 1999ರ ಜನವರಿಯಲ್ಲಿ ಕೊನೆಯ ಸವಾರಿ, ಮರುವರ್ಷ ನೆಲಸಮ, 2003ರಲ್ಲಿ ಅದೇ ಜಾಗದಲ್ಲಿ ಮಿಷನ್ ಸ್ಪೇಸ್. ಇಲ್ಲಿ ಕೆಡವಿದರು ನೋಡಿ, ಏಕೆಂದರೆ ಆ ಜಾಗಕ್ಕೆ ಹೊಸ ರೈಡೂ ಹೊಸ ಸ್ಪಾನ್ಸರೂ ಸಿದ್ಧವಿದ್ದರು. ಅದೇ ಪಾರ್ಕಿನ ವಂಡರ್ಸ್ ಆಫ್ ಲೈಫ್ ಮಂಟಪಕ್ಕೆ ಹಾಗಾಗಲಿಲ್ಲ. ಮೆಟ್‌ಲೈಫ್ ವಿಮಾ ಕಂಪನಿ 2001ರಲ್ಲಿ ಬಿಟ್ಟುಹೋಯಿತು, 2007ರ ಹೊಸ ವರ್ಷದ ದಿನಕ್ಕೆ ಬಾಗಿಲು ಬಿತ್ತು, ಗುಮ್ಮಟ ನಿಂತೇ ಇದೆ.

ಅಪಘಾತದಿಂದ ರೈಡು ಮುಚ್ಚುವುದೇ ಇಲ್ಲವೇ ಎಂದರೆ, ಮುಚ್ಚುತ್ತದೆ. ಲಂಡನ್ನಿನ ಬ್ಯಾಟರ್‌ಸೀ ಪಾರ್ಕಿನ ಬಿಗ್ ಡಿಪ್ಪರ್ ಕೋಸ್ಟರಿನಲ್ಲಿ 1972ರಲ್ಲಿ ಐದು ಮಕ್ಕಳು ಸತ್ತರು. ಆ ಕೋಸ್ಟರ್ ಹೋಯಿತು, ಎರಡು ವರ್ಷದಲ್ಲಿ ಪಾರ್ಕೂ ಹೋಯಿತು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 2014ರಲ್ಲಿ ತೆರೆದ ಫೆರ್ಯೂಕ್ಟ್ ಎಂಬ ಜಾರುಬಂಡೆ ಸುಮಾರು 168 ಅಡಿ ಎತ್ತರ. 2016ರ ಆಗಸ್ಟ್‌ನಲ್ಲಿ ಹತ್ತು ವರ್ಷದ ಹುಡುಗನೊಬ್ಬ ಅದರಲ್ಲಿ ಪ್ರಾಣ ಕಳೆದುಕೊಂಡ. ಅಂದು ನಿಂತದ್ದು ಮತ್ತೆ ತೆರೆಯಲಿಲ್ಲ. ಮೊಕದ್ದಮೆಗೆ ಸಾಕ್ಷ್ಯವೆಂದು ಎರಡು ವರ್ಷ ಹಾಗೇ ಇಟ್ಟು, ಕೋರ್ಟಿನ ಒಪ್ಪಿಗೆ ಸಿಕ್ಕೊಡನೆ 2018ರಲ್ಲಿ ಕೆಡವಿದರು. ನಿಜವಾಗಿ ಜೀವ ತೆಗೆದು ಮುಚ್ಚಿದ ರೈಡನ್ನು ಯಾವ ಮಾಲೀಕನೂ ಕಣ್ಣೆದುರು ಇಟ್ಟುಕೊಳ್ಳುವುದಿಲ್ಲ. ವಿಡಿಯೋಗಳಲ್ಲಿ ಬಳ್ಳಿ ಹಬ್ಬಿ ನಿಂತಿರುವುದು ಹೆಚ್ಚಾಗಿ ಯಾರನ್ನೂ ಕೊಲ್ಲದ, ದುಡ್ಡು ಹುಟ್ಟದ ರೈಡು.

ಡಿಸ್ನಿಯದೇ ರಿವರ್ ಕಂಟ್ರಿ ಎಂಬ ವಾಟರ್ ಪಾರ್ಕಿನ ವಿಡಿಯೋವನ್ನು ನಿಮ್ಮ ಮೊಮ್ಮಗ ತೋರಿಸಿಯೇ ಇರುತ್ತಾನೆ, ಅದಿಲ್ಲದೆ ಇಂಥ ಪಟ್ಟಿ ಪೂರ್ತಿಯಾಗುವುದಿಲ್ಲ. ಕೆರೆಯ ನೀರನ್ನೇ ಸೋಸಿ ಬಳಸುತ್ತಿದ್ದ ಪಾರ್ಕು ಅದು, 1976ರಲ್ಲಿ ತೆರೆದದ್ದು. 1980ರಲ್ಲಿ ಅಲ್ಲಿ ಈಜಿದ ಹನ್ನೊಂದು ವರ್ಷದ ಹುಡುಗ ಮಿದುಳಿಗೆ ಹೊಕ್ಕುವ ಅಮೀಬಾ ಸೋಂಕಿನಿಂದ ಸತ್ತ. "ಅದಕ್ಕೇ ಮುಚ್ಚಿದರು" ಎಂದು ವಿಡಿಯೋದವರು ದನಿ ತಗ್ಗಿಸಿ ಹೇಳುತ್ತಾರೆ. ಆ ಪಾರ್ಕು ಅದಾದ ಮೇಲೂ ಇಪ್ಪತ್ತೊಂದು ವರ್ಷ ನಡೆಯಿತು. ಅದಕ್ಕೆ ಕುತ್ತು ತಂದದ್ದು ಅದೇ ಕಂಪನಿ ಕಟ್ಟಿದ, ಎಷ್ಟೋ ಪಟ್ಟು ದೊಡ್ಡದಾದ ಎರಡು ವಾಟರ್ ಪಾರ್ಕುಗಳು: 1989ರ ಟೈಫೂನ್ ಲಗೂನ್, 1995ರ ಬ್ಲಿಜ಼ರ್ಡ್ ಬೀಚ್. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಪ್ರವಾಸಿಗರು ಕಡಿಮೆಯಾದರು. ಆ ನವೆಂಬರ್‌ನಲ್ಲಿ ಚಳಿಗಾಲಕ್ಕೆಂದು ಮುಚ್ಚಿದವರು ಮತ್ತೆ ತೆರೆಯಲಿಲ್ಲ. ಕೆಡವಿದ್ದು 2019ರ ಹೊತ್ತಿಗೆ, ಅದೂ ಆ ಜಾಗದಲ್ಲಿ ಹೋಟೆಲ್ ಕಟ್ಟುವ ಯೋಜನೆ ಬಂದಮೇಲೆ.

ಇನ್ನು ಮಾರಾಟ. ನಮ್ಮ ಜಾತ್ರೆಗಳಲ್ಲಿ, ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ಬರುವ ಜಾಯಿಂಟ್ ವ್ಹೀಲು, ಕೊಲಂಬಸ್ ದೋಣಿಗಳು ಎಂದೂ ಪಾಳು ಬೀಳುವುದಿಲ್ಲ ಎಂಬುದನ್ನು ಗಮನಿಸಿದ್ದೀರಾ? ಅವು ಹುಟ್ಟಿದ್ದೇ ಬಿಚ್ಚಿ ಲಾರಿಗೆ ಹೇರಲು. ಒಂದು ಊರಲ್ಲಿ ವ್ಯಾಪಾರ ಬಿದ್ದರೆ ಇನ್ನೊಂದು ಊರು, ಒಬ್ಬ ಮಾಲೀಕನಿಗೆ ಸಾಕಾದರೆ ಇನ್ನೊಬ್ಬ. ಥೀಮ್ ಪಾರ್ಕಿನ ಸ್ಟೀಲ್ ಕೋಸ್ಟರುಗಳಿಗೂ ಇಂಥ ಮಾರುಕಟ್ಟೆ ಇದೆ, ಬೋಲ್ಟು ಬಿಚ್ಚಿದರೆ ತುಂಡು ತುಂಡಾಗಿ ಸಾಗಿಸಬಹುದು. ಮರದ ಕೋಸ್ಟರಿಗೆ ಬಹುಮಟ್ಟಿಗೆ ಇಲ್ಲ. ಗುಡ್ಡದ ಇಳಿಜಾರಿಗೆ ಹೊಂದಿಸಿ, ಸ್ಥಳದಲ್ಲೇ ಕೊಯ್ದು, ಮೊಳೆ ಹೊಡೆದು ಕಟ್ಟಿದ್ದು ಅದು.

ಒಹಾಯೋ ರಾಜ್ಯದ ಜಿಯಾಗಾ ಲೇಕ್ ಪಾರ್ಕಿನಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣಿಸಿತು. ಹತ್ತೊಂಬತ್ತನೇ ಶತಮಾನದಿಂದ ನಡೆದುಬಂದ ಪಾರ್ಕು. 2001ರಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಕಂಪನಿ ಕೆರೆಯ ಆಚೆ ದಡದ ಸೀವರ್ಲ್ಡನ್ನೂ 11 ಕೋಟಿ ಡಾಲರಿಗೆ ಕೊಂಡು ಎರಡನ್ನೂ ಒಂದು ಮಾಡಿತು. ಮೂರೇ ವರ್ಷಕ್ಕೆ ಕೈಸೋತು, ಇಡೀ ಪಾರ್ಕನ್ನು ಸೀಡರ್ ಫೇರ್ ಕಂಪನಿಗೆ 14.5 ಕೋಟಿ ಡಾಲರಿಗೆ ಮಾರಿತು. ಸೀಡರ್ ಫೇರ್‌ಗೆ ಅದೇ ರಾಜ್ಯದಲ್ಲಿ ಸೀಡರ್ ಪಾಯಿಂಟ್ ಎಂಬ ಹೆಸರಾಂತ ಪಾರ್ಕು ಮೊದಲೇ ಇತ್ತು. ಪೈಪೋಟಿ ಮುಗಿಸಲೆಂದೇ ಕೊಂಡರು ಅಂತ ಊರವರು ಇಂದಿಗೂ ಬೈಯುತ್ತಾರೆ. 2007ರ ಸೆಪ್ಟೆಂಬರ್‌ನಲ್ಲಿ ಸೀಸನ್ ಮುಗಿದ ಮೇಲೆ, ಇನ್ನು ರೈಡುಗಳು ಓಡುವುದಿಲ್ಲ ಎಂಬ ಪ್ರಕಟಣೆ ಬಂತು. ವಾಟರ್ ಪಾರ್ಕು ಮಾತ್ರ 2016ರವರೆಗೆ ನಡೆಯಿತು. ದೊಡ್ಡ ಸ್ಟೀಲ್ ಕೋಸ್ಟರುಗಳು ಒಂದೊಂದಾಗಿ ಲಾರಿ ಹತ್ತಿದವು: ಡಾಮಿನೇಟರ್ ವರ್ಜೀನಿಯಾಕ್ಕೆ, ಥಂಡರ್‌ಹಾಕ್ ಮಿಶಿಗನ್ನಿಗೆ. 1925ರಲ್ಲಿ ಕಟ್ಟಿದ ಮರದ ಬಿಗ್ ಡಿಪ್ಪರ್ 2008ರ ಹರಾಜಿನಲ್ಲಿ ಬರೀ 5,000 ಡಾಲರಿಗೆ ಹೋಯಿತು. ಕೊಳ್ಳುವುದು ಸುಲಭ, ಸಾಗಿಸುವುದು ಬಹಳ ಕಷ್ಟದ ಮಾತು. ಮತ್ತೆ ಎಂಟು ವರ್ಷ ಅಲ್ಲೇ ಗಿಡಗಂಟಿಯ ನಡುವೆ ನಿಂತಿದ್ದು, 2016ರಲ್ಲಿ ನೆಲಕ್ಕುರುಳಿತು.

ನ್ಯೂ ಆರ್ಲಿಯನ್ಸ್‌ನ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿನ ಕಥೆಯಲ್ಲಿ ಜಮೀನಿನ ತಕರಾರೂ ಸೇರಿಕೊಂಡಿದೆ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂದು, ಪಾರ್ಕು ವಾರಗಟ್ಟಲೆ ಉಪ್ಪು ಬೆರೆತ ನೀರಿನಲ್ಲಿ ನಿಂತಿತು. ಉಪ್ಪುನೀರು ಕುಡಿದ ಮೋಟಾರು, ಕೇಬಲ್ಲು, ಕಂಟ್ರೋಲ್ ಪ್ಯಾನೆಲ್ಲು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಉಳಿದದ್ದರಲ್ಲಿ ದೊಡ್ಡದು ಬ್ಯಾಟ್‌ಮ್ಯಾನ್ ಕೋಸ್ಟರ್. ಅದನ್ನು ಬಿಚ್ಚಿ ಟೆಕ್ಸಸ್‌ಗೆ ಒಯ್ದು, 2008ರಲ್ಲಿ ಗೋಲಿಯಾತ್ ಎಂಬ ಹೆಸರಲ್ಲಿ ನಿಲ್ಲಿಸಿದರು. ಪಾರ್ಕಿನ ನೆಲ ಮಾತ್ರ ಕಂಪನಿಯದಲ್ಲ, ನಗರದ ಕೈಯಲ್ಲಿದ್ದ ಲೀಸು ಜಮೀನು. ಕಂಪನಿ ಕಳಚಿಕೊಳ್ಳಲು ನೋಡಿತು, ನಗರ ಬಿಡಲಿಲ್ಲ. 2009ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿದ ಮೇಲೆ ಪಾರ್ಕು ನಗರಕ್ಕೇ ಬಂತು. ಆಮೇಲೆ ಹೊಸ ಹೊಸ ಯೋಜನೆಗಳು ಬಂದವು, ಹೋದವು. ಕೆಡವುವ ಕೆಲಸ ಶುರುವಾದದ್ದು 2024ರಲ್ಲಿ. ಜಪಾನಿನ ನಾರಾ ಡ್ರೀಮ್‌ಲ್ಯಾಂಡ್ ಕೂಡ ಇದೇ ಜಾತಿ. ಡಿಸ್ನಿಲ್ಯಾಂಡನ್ನು ನೋಡಿ 1961ರಲ್ಲಿ ಕಟ್ಟಿದ್ದು. 1983ರಲ್ಲಿ ಟೋಕಿಯೋ ಡಿಸ್ನಿಲ್ಯಾಂಡೇ ಬಂದಮೇಲೆ ಸೊರಗಿ, 2006ರಲ್ಲಿ ಮುಚ್ಚಿತು. ತೆರಿಗೆ ಬಾಕಿಗೆಂದು ನಗರಸಭೆ ಹರಾಜಿಗಿಟ್ಟರೆ ಮೊದಲ ಸಲ ಯಾರೂ ಕೂಗಲೇ ಇಲ್ಲ. ಹತ್ತು ವರ್ಷ ಹಾಗೇ ನಿಂತಿದ್ದು, 2016ರಲ್ಲಿ ಕೆಡವಲು ಕೈಹಚ್ಚಿದರು.

ಭೂಮಿಗೆ ಬೆಲೆ ಬಂದರೆ ಕಥೆ ತಿರುಗಿಬಿಡುತ್ತದೆ. 1984ರಲ್ಲಿ ತೆರೆದ ದೆಹಲಿಯ ಅಪ್ಪು ಘರ್ 2008ರಲ್ಲಿ ಮುಚ್ಚಿದಾಗ ಪಾಳು ಬೀಳಲು ಅವಕಾಶವೇ ಸಿಗಲಿಲ್ಲ. ಪ್ರಗತಿ ಮೈದಾನದ ಆ ಜಾಗ ಸುಪ್ರೀಂ ಕೋರ್ಟಿನ ವಿಸ್ತರಣೆಗೆ ಬೇಕಾಗಿತ್ತು.

ಬರ್ಲಿನ್ನಿನ ಸ್ಪ್ರೇಪಾರ್ಕ್ ಬಗ್ಗೆ ಹೇಳದಿದ್ದರೆ ಮೊಮ್ಮಗ ನನ್ನನ್ನು ನಂಬುವುದಿಲ್ಲ. ಪೂರ್ವ ಜರ್ಮನಿಯ ಕಾಲದ, 1969ರ ಪಾರ್ಕು. ಎರಡೂ ಜರ್ಮನಿ ಒಂದಾದ ಮೇಲೆ ಖಾಸಗಿಯವರ ಕೈಗೆ ಬಂತು, ಸಾಲದಲ್ಲಿ ಮುಳುಗಿ 2001ರಲ್ಲಿ ನಿಂತಿತು. ಮಾಲೀಕ ಕೆಲವು ರೈಡುಗಳನ್ನು ಹಡಗಿಗೆ ಹೇರಿಕೊಂಡು ಪೆರುವಿಗೆ ಹೋದ, ಅಲ್ಲೂ ಸೋತ. ಕೊನೆಗೆ ಒಂದು ರೈಡಿನ ಕಂಬದೊಳಗೆ ನೂರೈವತ್ತು ಕಿಲೋಗೂ ಹೆಚ್ಚು ಕೊಕೇನ್ ತುಂಬಿ ಜರ್ಮನಿಗೆ ಕಳಿಸಲು ಹೊರಟು ಸಿಕ್ಕಿಬಿದ್ದು ಜೈಲು ಸೇರಿದ. ಅಷ್ಟೆಲ್ಲ ಆಗುವ ಹೊತ್ತಿಗೆ ಪಾರ್ಕು ಮುಚ್ಚಿ ಎರಡು ವರ್ಷವಾಗಿತ್ತು. ಮುಚ್ಚಿಸಿದ್ದು ಕೊಕೇನ್ ಅಲ್ಲ, ಸಾಲ.

ಕೊನೆಯ ಪ್ರಶ್ನೆ, ಆ ಹಳಿ ಮತ್ತೆ ಓಡುತ್ತದೆಯೇ? ನನಗೆ ನಂಬಿಕೆಯಿಲ್ಲ. 1967ರಲ್ಲಿ ಒಪ್ಪಿಗೆ ಸಿಕ್ಕ ವಿನ್ಯಾಸಕ್ಕೆ ಇವತ್ತು ಸಿಗುವುದಿಲ್ಲ. ಗಾಡಿ ನಡುದಾರಿಯಲ್ಲಿ ನಿಂತರೆ ಜನರನ್ನು ಇಳಿಸಿ ನಡೆಸಿಕೊಂಡು ಬರಲು ಹಳಿಯ ಪಕ್ಕದಲ್ಲೇ ಕಾಲುದಾರಿ ಬೇಕು, ಗಾಲಿಕುರ್ಚಿಯವರಿಗೆ ಲಿಫ್ಟು ಬೇಕು, ಕ್ಯಾಲಿಫೋರ್ನಿಯಾದ ಭೂಕಂಪ ನಿಯಮಗಳಿಗೆ ಕಂಬಗಳು ತಡೆದುಕೊಳ್ಳಬೇಕು. ಅದನ್ನೆಲ್ಲ ಸೇರಿಸುವ ಹೊತ್ತಿಗೆ ಹಳೆಯ ಹಳಿಯಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರುವುದಿಲ್ಲ.

ಆ ಸವಾರಿಯ ರುಚಿ ನೋಡಲೇಬೇಕೆಂದರೆ ಮುಂದಿನ ಸಲ ಫ್ಲಾರಿಡಾಕ್ಕೆ ಹೋಗಿ. ಅಲ್ಲಿನ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 1975ರಲ್ಲಿ ಹಾಕಿದ ಪೀಪಲ್‌ಮೂವರ್ ಓಡುತ್ತಲೇ ಇದೆ. ಅದರಲ್ಲಿ ತಳ್ಳುವ ಟೈರುಗಳ ಬದಲು ಹಳಿಯೊಳಗೆ ವಿದ್ಯುತ್ ಕಾಂತದಿಂದ ಎಳೆಯುವ ಲೀನಿಯರ್ ಇಂಡಕ್ಷನ್ ಮೋಟಾರುಗಳಿವೆ. ತಳ್ಳುವ ಕೆಲಸದಲ್ಲಿ ಒಂದಕ್ಕೊಂದು ಉಜ್ಜುವ ಭಾಗವೇ ಇಲ್ಲ, ಹಾಗಾಗಿ ಸವೆಯುವುದೂ ಕಡಿಮೆ. ಇದೇ ತಂತ್ರವನ್ನು 1981ರಲ್ಲಿ ಹೂಸ್ಟನ್ ವಿಮಾನ ನಿಲ್ದಾಣದ ಟರ್ಮಿನಲ್‌ಗಳ ನಡುವಿನ ರೈಲಿಗೂ ಬಳಸಿದರು. ಫ್ಲಾರಿಡಾದಲ್ಲಿ ಸಾಮಾನ್ಯವಾಗಿ ಕ್ಯೂ ಹೆಚ್ಚಿರುವುದಿಲ್ಲ. ಮಧ್ಯಾಹ್ನ ಬಿಸಿಲು ಏರಿದ ಮೇಲೆ ಹತ್ತಿ, ಸ್ಪೇಸ್ ಮೌಂಟನ್ ಕೋಸ್ಟರಿನ ಒಳಗೂ ಹಾದುಹೋಗುತ್ತದೆ.